ಬಿಡಿಭಾಗದ ಭಾರ ಯಾರ ಹೆಗಲಿಗೆ?

ಡೊಂಬಿವಲಿ, ಕಲ್ಯಾಣ್ ನಿಲ್ದಾಣಗಳ ಹೊರಗಿನ ವಾಹನ ನಿಲುಗಡೆಯಲ್ಲಿ ಬೆಳಗಿನ ಹೊತ್ತು ಕಾಲಿಡಲೂ ಜಾಗವಿರುವುದಿಲ್ಲ. ಮನೆಯಿಂದ ನಿಲ್ದಾಣದವರೆಗೆ ಮೋಟಾರ್ ಸೈಕಲ್, ಅಲ್ಲಿಂದ ಮುಂದೆ ಲೋಕಲ್ ರೈಲು. ಥಾಣೆ ಜಿಲ್ಲೆಯಲ್ಲಿ ನೆಲೆಸಿರುವ ನಮ್ಮಂಥ ಅನೇಕ ಕುಟುಂಬಗಳ ದಿನಚರಿ ಇದು. ಈ ದಿನಚರಿ ಮುರಿಯದಂತೆ ನೋಡಿಕೊಳ್ಳುವವರು ಇಬ್ಬರು: ರಸ್ತೆಬದಿಯ ಗ್ಯಾರೇಜಿನ ಮೆಕ್ಯಾನಿಕ್, ಮತ್ತು ಅವರಿಗೆ ಬ್ರೇಕ್ ಶೂ, ಕ್ಲಚ್ ಕೇಬಲ್, ಚೈನ್ ಸೆಟ್ ಒದಗಿಸುವ ಹತ್ತಡಿ ಅಗಲದ ಬಿಡಿಭಾಗದ ಅಂಗಡಿಯವರು. ಮೆಕ್ಯಾನಿಕ್ಕಿನ ಶ್ರಮ ಕೈಗೆ ಮೆತ್ತಿದ ಮಸಿಯಲ್ಲೇ ಕಾಣುತ್ತದೆ. ಅಂಗಡಿಯವರ ಕಷ್ಟ ಕಾಣುವುದಿಲ್ಲ. ಅದು ಅವರಿಗೂ ವಿತರಕರಿಗೂ ನಡುವಿನ ಲೆಕ್ಕದ ಪುಸ್ತಕದಲ್ಲಿ ಅಡಗಿದೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಇಂಥ ಅಂಗಡಿಗಳ ಮುಂದೆ ಐದು ನಿಮಿಷ ನಿಂತು ವಿಚಾರಿಸಿದರೆ ದೂರುಗಳು ಒಂದೇ ತೆರನಾಗಿ ಕೇಳಿಬರುತ್ತವೆ. ದಿನವೂ ಬೇಡಿಕೆಯಿರುವ ಕೇಬಲ್ಲು, ಫಿಲ್ಟರು ಬೇಕಾದರೆ ಅದರ ಜೊತೆಗೆ ವರ್ಷಕ್ಕೊಮ್ಮೆಯೂ ಕೇಳುವವರಿಲ್ಲದ ಸರಕನ್ನೂ ಹೊರಬೇಕು. ಬೇಡಿಕೆ ಪಟ್ಟಿಯಲ್ಲಿ ಬರೆದದ್ದೊಂದು, ಡಬ್ಬಿಯಲ್ಲಿ ಬಂದದ್ದೊಂದು. ಹಿಂತಿರುಗಿಸಿದರೆ ಹಣ ಜಮೆಯಾಗಲು ತಿಂಗಳುಗಳ ಕಾಯುವಿಕೆ. ಅಂಗಡಿಗೆ ಕೊಡುವ ದರದಲ್ಲಿಯೇ ವಿತರಕರು ಗ್ಯಾರೇಜಿಗೂ ನೇರವಾಗಿ ಮಾರುವುದುಂಟು. ಇನ್ನು ಗಡಿರೇಖೆಗಳ ವಿಚಾರ: ಐರೋಲಿಯ ಅಂಗಡಿಗೆ ಥಾಣೆ ಕೂಗಳತೆಯಲ್ಲಿದೆ, ಆದರೆ ವಿತರಕರ ನಕ್ಷೆಯಲ್ಲಿ ಐರೋಲಿ ನವಿಮುಂಬಯಿಯ ಪಾಲಾದರೆ ಸರಕು ಎಷ್ಟೇ ದೂರದಿಂದಾದರೂ ಆ ಕಡೆಯಿಂದಲೇ ಬರಬೇಕು. ವಾಹನಗಳ ನೋಂದಣಿಯಲ್ಲಿ ಎಂಎಚ್ 04 ಥಾಣೆಗೆ, 05 ಕಲ್ಯಾಣ್‌ಗೆ, 43 ನವಿಮುಂಬಯಿಗೆ ಸೇರಿದ್ದು ನಿಜ. ಆದರೆ ಕೆಟ್ಟುನಿಂತ ಬೈಕಿಗೆ ಈ ಗಡಿಗಳು ತಿಳಿಯುವುದಿಲ್ಲ.

ಇವೆಲ್ಲ ವ್ಯಾಪಾರದಲ್ಲಿ ಇದ್ದದ್ದೇ ಎಂದು ತಳ್ಳಿಹಾಕುವುದು ಸುಲಭ. ನಮ್ಮ ಅಭಿಪ್ರಾಯ ಬೇರೆ. ಇವು ಬಿಡಿ ಬಿಡಿಯಾದ ಕಿರಿಕಿರಿಗಳಲ್ಲ, ಒಂದೇ ರೋಗದ ಲಕ್ಷಣಗಳು. ಈ ಸರಪಳಿಯಲ್ಲಿ ಲಾಭ ಮೇಲಿನಿಂದ ಕೆಳಗೆ ಬರುವಾಗ ಸೋಸಿ ಸೋಸಿ ಬರುತ್ತದೆ. ನಷ್ಟದ ಭಯ ಮಾತ್ರ ಸೋಸದೆ ಇಳಿದು ಎಲ್ಲರಿಗಿಂತ ಚಿಕ್ಕವರ ಹೆಗಲ ಮೇಲೆ ನಿಲ್ಲುತ್ತದೆ.

ಈ ಭಾರ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದ್ದಕ್ಕೆ ಕಾರಣಗಳಿವೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಮಾಲಿನ್ಯ ನಿಯಮ ಜಾರಿಗೆ ಬಂತು. ಕಾರ್ಬ್ಯುರೇಟರಿನ ಜಾಗಕ್ಕೆ ಇಂಧನ ಇಂಜೆಕ್ಷನ್ ಬಂದು, ಅದರ ಹಿಂದೆ ಸೆನ್ಸರುಗಳು ಬಂದವು. ಹಳೆಯ ಬೈಕುಗಳು ಮಾತ್ರ ರಸ್ತೆಯಿಂದ ಮರೆಯಾಗಲಿಲ್ಲ. ಹೀಗಾಗಿ ಅಂಗಡಿಯವರು ಎರಡು ಪೀಳಿಗೆಗಳ ಸಾಮಾನನ್ನು ಒಂದೇ ಗೋಡೆಯ ಮೇಲೆ ಜೋಡಿಸಿಡಬೇಕಾಯಿತು. ಹೆಸರು ಒಂದೇ ಆಗಿದ್ದರೂ ತಯಾರಾದ ವರ್ಷಕ್ಕೆ ತಕ್ಕಂತೆ ಭಾಗದ ಸಂಖ್ಯೆ ಬದಲಾಗುತ್ತದೆ. ತಪ್ಪು ಸರಕು ಬರುವ ಸಂಭವ ಹೆಚ್ಚಿದಷ್ಟೂ ಹಿಂತಿರುಗಿಸುವ ಹಕ್ಕಿನ ಬೆಲೆ ಹೆಚ್ಚಬೇಕಿತ್ತು. ಆ ಹಕ್ಕು ಇಂದಿಗೂ ಬಾಯಿಮಾತಿನ ದಾಕ್ಷಿಣ್ಯದಲ್ಲಿಯೇ ಉಳಿದಿದೆ.

ತೆರಿಗೆಯ ವಿಚಾರದಲ್ಲಿಯೂ ಹೀಗೆಯೇ. ಕೊಳ್ಳುವಾಗ ತೆತ್ತ ಜಿಎಸ್‌ಟಿಯನ್ನು ಅಂಗಡಿಯವರು ಇನ್‌ಪುಟ್ ಕ್ರೆಡಿಟ್ ಎಂಬ ಜಮೆಯಾಗಿ ಮರಳಿ ಪಡೆಯಬಹುದು. ಆದರೆ 2022ರ ಜನವರಿ 1ರಿಂದ, ಮಾರಿದವರು ತಮ್ಮ ವಿವರಪಟ್ಟಿಯಲ್ಲಿ ಆ ಬಿಲ್ಲನ್ನು ಸಲ್ಲಿಸಿದ್ದರೆ ಮಾತ್ರ ಕೊಂಡವರಿಗೆ ಜಮೆ. ವಿತರಕರ ಗುಮಾಸ್ತರು ಒಂದು ಬಿಲ್ಲನ್ನು ಸಲ್ಲಿಸಲು ಮರೆತರೆ ಅಂಗಡಿಯವರು ತೆತ್ತ ತೆರಿಗೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಇತ್ತ, ಸರಕಿನ ಹಣವನ್ನು ಅಂಗಡಿಯವರು 180 ದಿನಗಳೊಳಗೆ ಪಾವತಿಸದಿದ್ದರೆ ಪಡೆದ ಜಮೆಯನ್ನೂ ಹಿಂದಕ್ಕೆ ಕಟ್ಟಬೇಕು. ಒಬ್ಬರ ತಪ್ಪಿಗೆ ಇನ್ನೊಬ್ಬರಿಗೆ ದಂಡ. ಅವರದೇ ತಪ್ಪಿಗಂತೂ ದಂಡ ಇದ್ದೇ ಇದೆ.

2025ರ ಸೆಪ್ಟೆಂಬರ್ 22ರಂದು ದ್ವಿಚಕ್ರ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಗಿರಾಕಿಗಳಾದ ನಾವು ಸಂತೋಷಪಟ್ಟೆವು. ಆದರೆ ಒಂದೂವರೆ ಕೋಟಿಯೊಳಗಿನ ವಹಿವಾಟಿನವರಿಗಾಗಿ ಇರುವ ರಾಜಿ ತೆರಿಗೆ ಪದ್ಧತಿಯ ಅಂಗಡಿಯವರನ್ನು ನೆನೆಯಿರಿ. ಅವರು ವಹಿವಾಟಿನ ಶೇಕಡಾ 1ರಷ್ಟು ತೆರಿಗೆ ಕಟ್ಟುತ್ತಾರೆ. ಕೊಳ್ಳುವಾಗ ತೆತ್ತ ತೆರಿಗೆಯ ಜಮೆ ಅವರಿಗಿಲ್ಲ. ಶೇಕಡಾ 28 ತೆತ್ತು ಕಪಾಟಿನಲ್ಲಿಟ್ಟ ಸರಕಿಗೆ ಮರುದಿನದಿಂದಲೇ ಶೇಕಡಾ 18ರ ದರದ ಸರಕು ಪೈಪೋಟಿಗೆ ನಿಂತಿತು. ವಿತರಕರು ಆ ಹಳೆಯ ದಾಸ್ತಾನಿನ ವ್ಯತ್ಯಾಸವನ್ನು ತುಂಬಿಕೊಡದಿದ್ದ ಕಡೆಯಲ್ಲೆಲ್ಲ ನಮ್ಮ ಸಂತೋಷದ ಬೆಲೆಯನ್ನು ಅವರೇ ತೆತ್ತರು.

ನಕಲಿ ಸರಕಿನದು ಇನ್ನೊಂದು ಆತಂಕ. ನಕಲಿ ವ್ಯಾಪಾರ ಮುದ್ರೆಯ ಸರಕು ಮಾರಿದವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಡಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸರಕು ಯಾರಿಂದ ಬಂತೆಂದು ದಾಖಲೆ ಸಮೇತ ತೋರಿಸಬಲ್ಲವರಿಗೆ ತಮ್ಮನ್ನು ಸಮರ್ಥಿಸಿಕೊಳ್ಳುವ ದಾರಿಯುಂಟು. ಆದ್ದರಿಂದ ವಿತರಕರು ಚೀಟಿಯ ಮೇಲೆ ಸರಕು ಕಳಿಸಿ ಬಿಲ್ಲನ್ನು ಆಮೇಲೆ ಕೊಡುತ್ತೇವೆಂದಾಗ, ಅಂಗಡಿಯವರು ಕಳೆದುಕೊಳ್ಳುವುದು ತೆರಿಗೆಯ ಜಮೆಯನ್ನಷ್ಟೇ ಅಲ್ಲ, ತಮ್ಮ ಪ್ರಾಮಾಣಿಕತೆಯ ಸಾಕ್ಷಿಯನ್ನೂ.

ವಿತರಕರ ಪಾಡನ್ನೂ ಮರೆಯಲಾಗದು. ಕಂಪೆನಿಗೆ ಅವರು ಮುಂಗಡ ಕಟ್ಟಬೇಕು, ತಿಂಗಳ ಗುರಿ ಮುಟ್ಟಬೇಕು, ಅಂಗಡಿಗಳಿಗೆ ಉದ್ರಿ ಕೊಡಬೇಕು. ಮರಳಿದ ಚೆಕ್ಕುಗಳನ್ನು ಹಿಡಿದು ಶಿಳ್‌ಫಾಟಾದ ವಾಹನ ದಟ್ಟಣೆಯಲ್ಲಿ ಅಲೆಯುವವರೂ ಅವರ ಹುಡುಗರೇ. ಬೇಡದ ಸರಕನ್ನು ಅವರು ಅಂಗಡಿಗೆ ತಳ್ಳುವುದು, ಅವರ ಮೇಲೂ ಅದನ್ನು ಯಾರೋ ತಳ್ಳಿರುವುದರಿಂದ. ಆದರೆ ಈ ವಿವರಣೆ ಸಮರ್ಥನೆಯಾಗದು. ವಿತರಕರಿಗೆ ಇನ್ನೊಬ್ಬರ ಮೇಲೆ ತಳ್ಳುವ ಅವಕಾಶವಾದರೂ ಇದೆ. ಅಂಗಡಿಯವರು ಯಾರ ಮೇಲೆ ತಳ್ಳಬೇಕು?

ಕಾನೂನು ಈ ಲೋಕವನ್ನು ನೋಡಿಯೇ ಇಲ್ಲವೆನ್ನಲಾಗದು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗದಂತೆ ಮಾಡಿ ಸ್ವತಂತ್ರ ಗ್ಯಾರೇಜುಗಳ ಕೈ ಕಟ್ಟಿದರೆಂಬುದು ಆಯೋಗದ ತೀರ್ಮಾನ. ಮುಂದೆ ಮೇಲ್ಮನವಿಗಳು ನಡೆದವು. 2022ರ ಜುಲೈಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿದಾಗ ವಾಹನಗಳೂ ಅದರ ಪರಿಧಿಗೆ ಬಂದವು. ಈ ಎರಡರ ದೃಷ್ಟಿಯೂ ಇದ್ದದ್ದು ಗಿರಾಕಿ ಮತ್ತು ಗ್ಯಾರೇಜಿನ ಮೇಲೆ. ನಡುವಿನ ಅಂಗಡಿಯವರು ಕಣ್ಣಿಗೆ ಬೀಳಲಿಲ್ಲ.

ಬೇಕಾದ ಸರಕಿಗೆ ಬೇಡದ್ದನ್ನು ಕಟ್ಟುವ ಒಪ್ಪಂದ, ಪ್ರದೇಶ ಹಂಚಿಕೊಡುವ ಒಪ್ಪಂದ ಎರಡನ್ನೂ 2002ರ ಸ್ಪರ್ಧಾ ಕಾಯಿದೆಯ 3(4)ನೆಯ ಕಲಮು ಹೆಸರಿಸುತ್ತದೆ. ಆದರೆ ಅದರಿಂದ ಮಾರುಕಟ್ಟೆಯ ಸ್ಪರ್ಧೆಗೇ ಗಣನೀಯ ಧಕ್ಕೆಯಾಗಿದೆಯೆಂದು ತೋರಿಸಬೇಕು. ಕಲ್ಯಾಣ್ ಪೂರ್ವದ ಒಂದು ಅಂಗಡಿ ಅದನ್ನು ದೆಹಲಿಗೆ ಹೋಗಿ ಸಾಧಿಸುವುದುಂಟೆ? 2006ರ ಎಂಎಸ್‌ಎಂಇ ಕಾಯಿದೆ ಹಣ 45 ದಿನಗಳಲ್ಲಿ ಬರದಿದ್ದರೆ ಕಿರು ಮತ್ತು ಸಣ್ಣ ಪೂರೈಕೆದಾರರಿಗೆ ಬಡ್ಡಿ ಕೊಡಿಸುತ್ತದೆ. ಚಿಲ್ಲರೆ ವ್ಯಾಪಾರಿಗಳನ್ನು 2021ರ ಜುಲೈಯಲ್ಲಿ ಆ ವರ್ಗಕ್ಕೆ ಸೇರಿಸಿಕೊಂಡದ್ದು ಬ್ಯಾಂಕ್ ಸಾಲದ ಆದ್ಯತೆಯ ಮಟ್ಟಿಗೆ ಮಾತ್ರ. ಹಣ ತಡವಾದ ಮಾರಾಟಗಾರರ ನೋವು ಕಾನೂನಿಗೆ ಅರ್ಥವಾಗಿದೆ. ಸರಕು ತಡವಾದ ಅಥವಾ ತಪ್ಪಿಬಂದ ಕೊಳ್ಳುಗರ ನೋವು ಇನ್ನೂ ಅರ್ಥವಾಗಬೇಕಿದೆ.

ಹಾಗಾದರೆ ದಾರಿ ಯಾವುದು? ಕಾನೂನಿಗೆ ಕಾಯುವ ಮುನ್ನ ಒಗ್ಗೂಡಬೇಕು ಎಂಬುದು ನಮ್ಮ ನಿಲುವು. ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘ ಹುಟ್ಟಿತ್ತು. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ನಮ್ಮ ಮುಂಬಯಿಯಲ್ಲಿಯೇ ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು ಕಟ್ಟಿತು. ಬೆಳೆಗಾರರು ಮಾರುವುದಕ್ಕೆ ಒಂದಾದರು. ಅಂಗಡಿಯವರು ಕೊಳ್ಳುವುದಕ್ಕೆ ಒಂದಾಗಬೇಕು.

ಮಹಾರಾಷ್ಟ್ರದ 1960ರ ಸಹಕಾರ ಕಾಯಿದೆಯ ಪ್ರಕಾರ ಬೇರೆ ಬೇರೆ ಕುಟುಂಬಗಳ ಹತ್ತು ಜನ ಸೇರಿದರೆ ಸಂಘವೊಂದಕ್ಕೆ ಅರ್ಜಿ ಹಾಕಬಹುದು. ಕಲ್ಯಾಣ್, ಡೊಂಬಿವಲಿಗಳ ಇಪ್ಪತ್ತು ಅಂಗಡಿಗಳು ಭಾಷೆಯ ಭೇದವೆಣಿಸದೆ ಕೂಡಿ ಬೇಡಿಕೆ ಸಲ್ಲಿಸಿದರೆ ವಿತರಕರ ಮಾತಿನ ಧಾಟಿ ಬದಲಾಗುತ್ತದೆ. ಇಷ್ಟು ದಿನಗಳೊಳಗೆ ತಪ್ಪು ಸರಕು ವಾಪಸು, ಸರಕಿನ ಜೊತೆಗೇ ಬಿಲ್ಲು, ತೆರಿಗೆ ದರ ಬದಲಾದರೆ ದಾಸ್ತಾನಿಗೆ ಪರಿಹಾರ – ಈ ಮೂರನ್ನು ಕಾಗದದ ಮೇಲೆ ಬರೆಸಿಕೊಳ್ಳಬಹುದು. ಇನ್ನೂ ಒಂದು ಲಾಭವುಂಟು: ಒಂದು ಅಂಗಡಿಯಲ್ಲಿ ಧೂಳು ತಿನ್ನುವ ಸರಕು ಇನ್ನೊಂದರಲ್ಲಿ ಖರ್ಚಾಗುತ್ತದೆ. ದಾಸ್ತಾನಿನ ಪಟ್ಟಿಗಳನ್ನು ಮೊಬೈಲಿನಲ್ಲಿ ಹಂಚಿಕೊಂಡರೂ ಸತ್ತ ಬಂಡವಾಳಕ್ಕೆ ಜೀವ ಬಂದೀತು. ಇದಕ್ಕೆ ಅಡ್ಡಿಯಾಗುವುದು ಪಕ್ಕದ ಅಂಗಡಿಯವರ ಮೇಲಿನ ಅಪನಂಬಿಕೆ. ಅದನ್ನು ಯಾವ ಕಾಯಿದೆಯೂ ತೊಡೆಯಲಾರದು.

ಗಿರಾಕಿಗಳಾದ ನಮಗೂ ಇಲ್ಲಿ ಪಾಲಿದೆ. ಈ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದರೆ ಮರದ ನೆರಳಿನ ಮೆಕ್ಯಾನಿಕ್ಕಿಗೆ ಸಾಮಾನು ಸಿಗುವುದಿಲ್ಲ; ಒಂದು ಕೇಬಲ್ಲಿಗಾಗಿ ನಾವು ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ದಿನಗಟ್ಟಲೆ ಸರದಿ ಕಾಯಬೇಕಾದೀತು. ಆದುದರಿಂದ ಬಿಲ್ಲು ಕೇಳಿ ಪಡೆಯೋಣ. ನಮ್ಮ ಕೈಗೆ ಬಿಲ್ಲು ಕೊಡಬೇಕಾದವರು ಮೇಲಿನವರಿಂದಲೂ ಬಿಲ್ಲು ಕೇಳಲೇಬೇಕಾಗುತ್ತದೆ. ಭಾಗ ಬರಲು ನಾಲ್ಕು ದಿನವಾಗುತ್ತದೆಂದು ಅಂಗಡಿಯವರು ಹೇಳಿದಾಗ ಅವರ ಮೇಲೆ ರೇಗುವ ಬದಲು, ಎಲ್ಲಿ ತಡವಾಗಿದೆಯೆಂದು ಕೇಳೋಣ. ಆ ಪ್ರಶ್ನೆಯನ್ನು ಅವರು ಒಬ್ಬಂಟಿಯಾಗಿ ಬಹುಕಾಲದಿಂದ ಕೇಳುತ್ತಿದ್ದಾರೆ.