ಮಣ್ಣಿನೆತ್ತು ಕಲಿಸುವ ದಯೆ

ಮಕ್ಕಳಿಗೆ ದಯೆಯನ್ನು ಕಲಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಹೇಗೆ ಕಲಿಸಬೇಕೆಂಬ ಪ್ರಶ್ನೆ ಎದ್ದಾಗ ಮಾತ್ರ ಒಂದು ವಚನವನ್ನು ಬಾಯಿಪಾಠ ಮಾಡಿಸಿ ಸುಮ್ಮನಾಗುವುದೇ ಹೆಚ್ಚು. ದಯೆಯನ್ನು ಕುರಿತ ಬಸವಣ್ಣನವರ ವಚನವನ್ನು ವೇದಿಕೆಯ ಮೇಲೆ ತಪ್ಪಿಲ್ಲದೆ ಹೇಳಿದ ಬಾಲಕನೇ ಮನೆಗೆ ಮರಳುವಾಗ ದಾರಿಯಲ್ಲಿ ಮಲಗಿದ ನಾಯಿಗೆ ಕಲ್ಲು ಬೀರಿದರೆ ಆಶ್ಚರ್ಯಪಡಬೇಕಾದುದಿಲ್ಲ. ನಾಲಗೆಗೆ ಕಲಿಸಿದ್ದನ್ನು ಹಿರಿಯರು ಅವನ ಕೈಗೆ ಕಲಿಸಿರುವುದಿಲ್ಲ.

ಕೈಗೆ ಕಲಿಸುವ ಒಂದು ದಾರಿಯನ್ನು ಉತ್ತರ ಕರ್ನಾಟಕದ ಒಕ್ಕಲು ಮನೆಗಳು ಬಹುಕಾಲದಿಂದ ಉಳಿಸಿಕೊಂಡು ಬಂದಿವೆ. ಅಲ್ಲಿ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಸಿಂಗರಿಸುವರು. ಹದಿನೈದು ದಿನ ಕಳೆದು ಬರುವ ಜ್ಯೇಷ್ಠ ಮಾಸದ ಅಮಾವಾಸ್ಯೆಯೇ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಕೆರೆ ಹಳ್ಳಗಳ ಜಿಗುಟು ಮಣ್ಣನ್ನು ತಂದು, ಕಲ್ಲು ಕಸವನ್ನು ಆರಿಸಿ, ಹದವಾಗಿ ನಾದಿ, ಜೋಡೆತ್ತುಗಳನ್ನೂ ಅವುಗಳ ಮುಂದಿಡಲು ಮೇವಿನ ಗೋದಲಿಯನ್ನೂ ಮಾಡುವರು. ಎತ್ತಿಗೆ ಕಣ್ಣು, ಕೊಂಬು, ಇಣಿಯನ್ನು ಇಟ್ಟ ಮಗುವಿಗೆ ಅದು ಉಣ್ಣಬೇಕೆಂಬುದೂ ಜೊತೆಯಲ್ಲಿಯೇ ನೆನಪಾಗುತ್ತದೆ. ಪೂಜೆಯ ಬಳಿಕ ಮಕ್ಕಳು ಮಣ್ಣಿನ ಎತ್ತುಗಳನ್ನು ಹಿಡಿದು ಮನೆಮನೆಗೆ ಹೋಗಿ, ತಮ್ಮ ಹಿಂಡಿನಲ್ಲಿ ಒಂದು ಕುಂಟೆತ್ತು ಬಂದಿದೆಯೆಂದು ಹಾಡಿ ಜೋಳ ಬೇಡುವ ಪದ್ಧತಿಯೂ ಹಲವು ಊರುಗಳಲ್ಲಿದೆ.

ಈ ಕುಂಟೆತ್ತಿನಲ್ಲಿ ದೊಡ್ಡ ಪಾಠವಿದೆ. ಮಕ್ಕಳು ಮಾಡಿದ ಎತ್ತಿನ ಕಾಲು ಮುರಿಯುವುದು, ಕೊಂಬು ಬೀಳುವುದು ಸಹಜ. ಸ್ಪರ್ಧೆಯಾದರೆ ಅಂಥದ್ದು ಮೂಲೆಗೆ ಸರಿಯುತ್ತದೆ, ಮಾಡಿದ ಮಗುವೂ ತಲೆತಗ್ಗಿಸುತ್ತದೆ. ಹಬ್ಬದ ಹಾಡಿನಲ್ಲಿಯಾದರೋ ಕಾಳು ಬೇಡುವುದೇ ಕುಂಟೆತ್ತಿನ ಹೆಸರಿನಲ್ಲಿ. ಆದುದರಿಂದ ಈ ಕಲೆಯನ್ನು ಮಕ್ಕಳಿಗೆ ಕಲಿಸುವವರು ಬಹುಮಾನವನ್ನು ಕೈಬಿಡುವುದೇ ಲೇಸು. ಮುರಿದ ಎತ್ತನ್ನು ಎಲ್ಲರ ನಡುವೆ ಇರಿಸಿ, ಮೊದಲ ಹಿಡಿ ಹುಲ್ಲನ್ನು ಅದಕ್ಕೇ ಹಾಕಿಸಬೇಕು.

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸೀಮೆಯು ಹಳೆಯ ಮೈಸೂರಿನ ಭಾಗ. ಇಲ್ಲಿನವರಿಗೆ ಎತ್ತಿನ ಹಬ್ಬವೆಂದರೆ ಸಂಕ್ರಾಂತಿ. ಆ ದಿನಗಳ ಆಸುಪಾಸಿನಲ್ಲಿ ಕಾವೇರಿ ತೀರದ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿಗಳು ಬಂದು ಸೇರುವುದು ಪ್ರಸಿದ್ಧ. ಆದರೆ ಹೊಗೆಸೊಪ್ಪು, ರಾಗಿಗಳ ಹೊಲಗಳಿಗೆ ಟ್ರ್ಯಾಕ್ಟರು, ಟಿಲ್ಲರುಗಳು ಬಂದ ಮೇಲೆ ಕೊಟ್ಟಿಗೆಗಳು ಬರಿದಾಗುತ್ತಿವೆ. ಒಕ್ಕಲು ಮನೆಯಲ್ಲಿಯೇ ಹುಟ್ಟಿದರೂ ಎತ್ತಿನ ಗಂಗೆದೊಗಲನ್ನು ಒಮ್ಮೆಯೂ ತುರಿಸದೆ ಬೆಳೆಯುವ ಮಕ್ಕಳಿದ್ದಾರೆ. ಮುಟ್ಟಿ ಅರಿಯದ ಜೀವದ ನೋವು ತಿಳಿಯುವುದು ಕಷ್ಟ. ಮುಂಗಾರಿನ ಹೊತ್ತಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನು ಇಲ್ಲಿನ ಶಾಲೆಗಳೂ ಮನೆಗಳೂ ಬರಮಾಡಿಕೊಂಡರೆ ಆಗಬಹುದಾದ ಉಪಕಾರ ದೊಡ್ಡದು, ಖರ್ಚು ಒಂದು ಬುಟ್ಟಿ ಕೆರೆಮಣ್ಣಿನದು.

ಒಂದು ಎಚ್ಚರವಂತೂ ಬೇಕು. ಪೇಟೆಯಲ್ಲಿ ಅಚ್ಚಿನ ಬಣ್ಣದೆತ್ತುಗಳನ್ನು ಕೊಂಡುತಂದರೆ ಪೂಜೆ ನಡೆದೀತು, ಮಗುವಿನ ಕೈ ಮಾತ್ರ ಕಲಿಯದೆ ಉಳಿದೀತು. ಸ್ವತಃ ಮಾಡಿದ ಮಣ್ಣಿನೆತ್ತಿಗೆ ಹೂವೇರಿಸಿ, ಹೊರಗೆ ಗಾಡಿಯೆತ್ತಿಗೆ ಚಾವಟಿ ಬೀಸುವುದನ್ನು ನೋಡಿಯೂ ಸುಮ್ಮನಿರುವುದಾದರೆ ಆ ಕಲೆಯೂ ವ್ಯರ್ಥ. ಶಿಲೆಯ ಸರ್ಪಕ್ಕೆ ಉಪಚಾರ ಮಾಡಿ, ಉಸಿರಾಡುವ ಸರ್ಪದತ್ತ ಕೋಲೆತ್ತುವ ಭಕ್ತಿಯನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಶ್ನಿಸಿದರು. ಆ ಪ್ರಶ್ನೆ ಮಣ್ಣಿನೆತ್ತಿನ ಮುಂದೆ ಕುಳಿತವರನ್ನೂ ಬಿಡುವುದಿಲ್ಲ. ಆದುದರಿಂದ ಮಣ್ಣಿನ ಕೆಲಸ ಮುಗಿದ ಮರುದಿನ ಮಕ್ಕಳನ್ನು ಹತ್ತಿರದ ಕೊಟ್ಟಿಗೆಗೆ ಕರೆದೊಯ್ಯಬೇಕು. ಒಂದು ಹೊರೆ ಹುಲ್ಲು ಹಾಕಿಸಿ, ನೀರು ಕುಡಿಸಿ, ನೊಗ ಹೊತ್ತು ಹುಣ್ಣಾದ ಹೆಗಲಿದ್ದರೆ ಅದನ್ನೂ ತೋರಿಸಬೇಕು.

ಸ್ವಲ್ಪ ದೊಡ್ಡ ಮಕ್ಕಳಿಗೆ ನೆಲದ ಕಾನೂನನ್ನೂ ತಿಳಿಸಬಹುದು. ಎತ್ತಿನಂಥ ಪ್ರಾಣಿಗಳಿಂದ ದಿನಕ್ಕೆ 9 ಗಂಟೆಗೆ ಮೀರಿ, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗೆ ಮೀರಿ ಗಾಡಿ ಎಳೆಸುವುದನ್ನು 1965ರ ಕೇಂದ್ರ ನಿಯಮಗಳು ನಿಷೇಧಿಸಿವೆ. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಹೂಡುವಂತಿಲ್ಲ. ಜೀವಿಗಳಲ್ಲಿ ಅನುಕಂಪ ಹೊಂದುವುದು 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಆದರೆ ಕಾನೂನು ಮಾಡಬಾರದ್ದನ್ನು ತಡೆದೀತು. ಮಾಡಬೇಕಾದುದನ್ನು ಮಾಡಲು ಮನಸ್ಸು ಬರಬೇಕು.

ಆ ಮನಸ್ಸನ್ನು ಶರಣರು ಕಾಯಕದಲ್ಲಿ ಕಂಡರು. ದನ ಕಾಯುತ್ತಿದ್ದ ತುರುಗಾಹಿ ರಾಮಣ್ಣನವರೂ ವಚನಕಾರರ ಸಾಲಿನಲ್ಲಿ ಕುಳಿತರು. ಅವರ ಹೆಸರಿನೊಡನೆ ಆ ಕಾಯಕವೂ ಉಳಿದಿದೆ. ‘ಬಸವ’ ಎಂಬ ಹೆಸರಿನಲ್ಲಿಯೇ ಎತ್ತು ನಿಂತಿದೆ. ದಿನಕ್ಕೆ ಹತ್ತಾರು ಬಾರಿ ಆ ಹೆಸರನ್ನು ನೆನೆಯುವ ಮನೆಯ ಮಗುವು ವರ್ಷಕ್ಕೊಮ್ಮೆಯಾದರೂ ಕೈಯಾರೆ ಒಂದು ಎತ್ತು ಮಾಡಲಿ. ಅದರ ಕಾಲು ಮುರಿದರೆ ಗದರದಿರಲಿ ಹಿರಿಯರು. ಮುರಿದುದಕ್ಕೆ ಮಗು ತಾನಾಗಿಯೇ ಮೊದಲ ಹುಲ್ಲನ್ನು ಇಟ್ಟಿತಾದರೆ, ಬಾಯಿಪಾಠ ಮಾಡಿಸಿದ ವಚನಕ್ಕೆ ಆ ಮನೆಯಲ್ಲಿ ಅರ್ಥ ಬಂದಂತೆ.