ತಡೆದ ಭತ್ಯೆ, ನಿಂತುಹೋದ ಕೂಲಿ
2020ರ ಕೊರೊನಾ ಕಾಲದಲ್ಲಿ ರಾಜ್ಯ ಸರ್ಕಾರ ನೌಕರರ ತುಟ್ಟಿಭತ್ಯೆ ಏರಿಕೆಯನ್ನು ಒಂದೂವರೆ ವರ್ಷ ತಡೆಹಿಡಿಯಿತು. 2021ರ ಜುಲೈನಿಂದ ಅದು ಶೇ 11.25ರಿಂದ 21.50ಕ್ಕೆ ಏರಿತಾದರೂ ನಡುವಿನ ಬಾಕಿ ಕೈಸೇರಲಿಲ್ಲ. ನಷ್ಟ ನಿಜ. ಆದರೆ ಬೆಂಗಳೂರಿನ ಕಟ್ಟಡ ಕೆಲಸ ನಿಂತು, ಹಾಸಿಗೆ ಗಂಟು ಹೊತ್ತು ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಗೆ ಮರಳಿದವರಿಗೆ ತಡೆಹಿಡಿಯಲು ಭತ್ಯೆಯಾದರೂ ಎಲ್ಲಿತ್ತು? ಉದ್ಯೋಗ ಖಾತ್ರಿಯ ದಿನಗೂಲಿ ಆಗ 275 ರೂಪಾಯಿ, ಅದೂ ಮನೆಯೊಂದಕ್ಕೆ ವರ್ಷಕ್ಕೆ 100 ದಿನ. ಹಾಗಾದರೆ ನೌಕರರ ಮೂಲ ಸಂಬಳಕ್ಕೂ ಕತ್ತರಿ ಬೀಳಲಿ ಎನ್ನುವವರಿದ್ದಾರೆ. ಅದು ಹೊಟ್ಟೆಕಿಚ್ಚಿನ ಲೆಕ್ಕ: ಶಹಾಪುರದ ಬಟ್ಟೆ ಅಂಗಡಿ, ಸುರಪುರದ ಖಾನಾವಳಿ ತಿಂಗಳ ಮೊದಲ ವಾರ ಕಾಯುವುದು ಮಾಸ್ತರರ ಪಗಾರವನ್ನೇ, ಅದು ಇಳಿದರೆ ಮೊದಲು ಮನೆಗೆ ಹೋಗುವವನು ಅಂಗಡಿಯ ಹುಡುಗ. ಖಾತ್ರಿಯ ದಿನಗಳನ್ನು 150ಕ್ಕೆ ಏರಿಸಿ, ಕೂಲಿಯನ್ನು ವಾರವಾರ ತಪ್ಪದೆ ಕೊಟ್ಟಿದ್ದರೆ ಅದೇ ಅಂಗಡಿಗಳಿಗೂ ಗಿರಾಕಿಗಳು ಸಿಗುತ್ತಿದ್ದರು.