ಯಾರ ಪ್ರೀತಿಗೆ ಯಾರ ಬೆನ್ನು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸಾಲಿ ಮಾಸ್ತರರಲ್ಲಿ, ಹಾಸ್ಟೆಲಿನ ಹುಡುಗ ಹುಡುಗಿಯರಲ್ಲಿ ಪ್ರೇಮ ಕಾದಂಬರಿ ಓದದವರು ಯಾರಿದ್ದಾರೆ? ನಾವೂ ಓದಿದ್ದೇವೆ. ನಾಚಿಕೆಯೇನಿಲ್ಲ.

ಈ ಕಾದಂಬರಿಗಳ ತುಂಬ ಮಂದಿ ಇರತಾರ. ತಂಗಿ, ಗೆಳತಿ, ಮಾವನ ಮಗ, ನೆರೆಮನೆಯವರು. ಇವರೊಳಗ ಒಂದು ಜೋಡಿ ಮಾತ್ರ ಅಲುಗಾಡುವುದಿಲ್ಲ, ಬಹಳ ಮಾಡಿ ಅಣ್ಣ-ಅತ್ತಿಗೆ. ಉಳಿದವರೆಲ್ಲ ಪ್ರೀತಿಸಿ, ಮುನಿದು, ಅತ್ತು ಕಡೆಗೆ ಈ ಜೋಡಿಯ ಪಡಸಾಲೆಗೇ ಬಂದು ಕೂಡಬೇಕು. ಮನಿಗೆ ನಡುಗಂಬ ಇದ್ದಂಗ. ಕಥೆಗೆ ಇದು ಬೇಕು, ಒಪ್ಪೋಣ. ಎಲ್ಲರ ಸಂಸಾರವೂ ಒಮ್ಮೆಲೇ ಅಲುಗಿದರೆ ಓದುಗ ಯಾವುದನ್ನು ಹಿಡಕೊಳ್ಳಬೇಕು? ಆದರೆ ಆ ಪಡಸಾಲೆ ಯಾರದು? ಹೊಲ ಇದ್ದವರದು, ಪಗಾರ ಇದ್ದವರದು. ಅಲ್ಲಿ ಸ್ಥಿರವಾಗಿರೋದು ಪ್ರೀತಿಯೋ, ಆಸ್ತಿಯೋ?

ನಮ್ಮ ಕೇರಿಯ ಜೋಡಿ ನೋಡ್ರಿ. ತೊಗರಿ ರಾಶಿ ಮುಗೀತಂದ್ರ ಗಂಡ ಪುಣೆಗೋ ಮುಂಬೈಗೋ ಕಟ್ಟಡದ ಕೆಲಸಕ್ಕ, ಹೆಂಡತಿ ಊರಾಗ ಮುದುಕರ ಹಂತೇಲಿ. ಇಬ್ಬರೂ ಹೋದರ ಮಕ್ಕಳ ಸಾಲಿ ಹೋತು. ಹೀಗೆ ತಿಂಗಳುಗಟ್ಟಲೆ ಅಗಲಿಯೂ ಮುರಿಯದ ಸಂಸಾರ ಕಾದಂಬರಿಯೊಳಗ ಹಾಸ್ಯಕ್ಕ ಬರತದ, ಇಲ್ಲಾ ಕುಡುಕ ಗಂಡನ ಗೋಳಿಗೆ ಬರತದ.

ಬೇರೆ ಥರದ ಪುಸ್ತಕ ಇಲ್ಲವೆಂದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದೆ. ಅಷ್ಟೊಂದು ಮಂದಿ ಓಡಾಡುವ ಆ ಕಾಡಿನಂಥ ಕಾದಂಬರಿಯಲ್ಲಿ ಗಟ್ಟಿ ಜೋಡಿ ಐತ-ಪೀಂಚಲು, ಒಡೆಯರ ಮನೆಯ ಆಳುಗಳು. ಒಲ್ಲದ ಮದುವೆ ಬಿಟ್ಟು ಚಿನ್ನಮ್ಮ ರಾತ್ರಿ ಕಾಡು ಹೊಕ್ಕಾಗ ಜೊತೆಗಿದ್ದವಳು ಪೀಂಚಲು. ಮುಕುಂದಯ್ಯನ ಪ್ರೀತಿ ದಡ ಮುಟ್ಟಿದ್ದು ಈ ಆಳುಗಳ ಬೆನ್ನ ಮೇಲೆ. ಸಿಕ್ಕುಬಿದ್ದಿದ್ದರೆ ಚಿನ್ನಮ್ಮನಿಗೆ ಬೈಗುಳ. ಪೀಂಚಲಿಗೆ ಏನಾಗುತ್ತಿತ್ತೆಂದು ಆಳಾಗಿ ದುಡಿದ ಯಾರನ್ನಾದರೂ ಕೇಳಿ. ಈ ಪುಸ್ತಕದ ಮೇಲೆ ನಮಗೆ ಪ್ರೀತಿಯಿದೆ, ಅದಕ್ಕೇ ಜಗಳ. ಪೀಂಚಲು ಓಡಬೇಕಾಗಿ ಬಂದಿದ್ದರೆ ಚಿನ್ನಮ್ಮ ಕತ್ತಲಲ್ಲಿ ಜೊತೆಗೆ ಬರುತ್ತಿದ್ದಳೆ?

ದೇವನೂರ ಮಹಾದೇವರ ‘ಕುಸುಮಬಾಲೆ’ ಈ ಪ್ರಶ್ನೆಗೆ ಉತ್ತರದಂತಿದೆ. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಹುಡುಗ ಚನ್ನ ಕೊಲೆಯಾಗುತ್ತಾನೆ. ಅವನನ್ನು ಉಳಿಸುವ ಅಣ್ಣ-ಅತ್ತಿಗೆ ದೊಡ್ಡ ಮನೆಯಲ್ಲಿ ಹುಟ್ಟಲಿಲ್ಲ.

ಹುಟ್ಟಲೇ ಇಲ್ಲವೆಂದರೆ ತಪ್ಪಾದೀತು. ಆಳಂದದಿಂದ ಬಸವಕಲ್ಯಾಣ ದೂರೇನಲ್ಲ. 12ನೆಯ ಶತಮಾನದಲ್ಲಿ ಸಮಗಾರ ಹರಳಯ್ಯನೊಂದಿಗೆ ಬ್ರಾಹ್ಮಣ ಮಧುವರಸ ಬೀಗತನ ಮಾಡಿದ; ಇಬ್ಬರಿಗೂ ಒಂದೇ ಶಿಕ್ಷೆಯಾಯಿತು. ಆಮೇಲೆ ಹರಳಯ್ಯನ ಹೆಸರೆತ್ತುವವರು ಬಹಳಾದರು, ಬೀಗತನ ಮಾಡುವವರು ಎಷ್ಟು ಮಂದಿ?

2018ರಲ್ಲಿ ಸುಪ್ರೀಂ ಕೋರ್ಟು, ಜಾತಿ ಮೀರಿ ಮದುವೆಯಾದವರಿಗೆ ಜಿಲ್ಲಾ ಕೇಂದ್ರಗಳಲ್ಲಿ ಸುರಕ್ಷಿತ ಮನೆ ತೆರೆಯುವ ಬಗ್ಗೆ ರಾಜ್ಯ ಸರ್ಕಾರಗಳು ಯೋಚಿಸಬಹುದು ಎಂದಿತು. ಯೋಚಿಸಬಹುದು! ಯೋಚನಿ ಮುಗಿಯೋತನಕ ಜೇವರ್ಗಿ ಬಸ್‌ಸ್ಟ್ಯಾಂಡಿನೊಳಗ ಸರುವೊತ್ತಿನಲ್ಲಿ ಇಳಿದ ಹುಡುಗ ಹುಡುಗಿ ಯಾರ ಕದ ಬಡೀಬೇಕು? ಕೇರಿಯ ತಗಡಿನ ಮನಿದೇ. ಮರುದಿನ ಬೆಂಕಿ ಬಿದ್ದರ ಅದೇ ತಗಡಿಗೆ.

ಬರೆಯುವ ಗೆಳೆಯರೇ, ಆ ತಗಡಿನ ಮನೆಯ ಗಂಡ-ಹೆಂಡತಿ ಆ ರಾತ್ರಿ ತಮ್ಮತಮ್ಮೊಳಗ ಏನು ಮಾತಾಡಿಕೊಂಡರು, ಬರೀರಿ. ಮಾಸ್ತರರೇ, ನಿಮ್ಮಲ್ಲಿ ಗಂಡ-ಹೆಂಡತಿ ಇಬ್ಬರಿಗೂ ಪಗಾರ ಬರುವ, ಪಕ್ಕಾ ಗ್ವಾಡಿಯ ಮನೆಗಳು ಅದಾವಲ್ಲ. ಅಲ್ಲಿ ಕದ ಬಡಿದರ ಯಾರು ಎದ್ದು ಬರತೀರಿ?